ಹಿತ್ತಿಲ ಬಳಚಿನ ರಾಶಿಯಿಂದ ಶುರು ಮಾಡಿ: ಹಳೆಯ ಚಿಪ್ಪಿನ ತಿಪ್ಪೆ ಓದುವ ಬಗೆ

ನಮ್ಮದು ಅಘನಾಶಿನಿ ಅಳಿವೆಯ ದಂಡೆಯ ಹಳ್ಳಿ, ಕುಮಟಾ ತಾಲ್ಲೂಕು. ನೀರು ಇಳಿದ ಹೊತ್ತಿಗೆ ಆಯಿ ಬುಟ್ಟಿ ಹಿಡಿದು ಹೊಳೆಗೆ ಇಳಿಯುತ್ತಿದ್ದಳು. ಬಳಚು, ಅಂದರೆ ಎರಡು ದಳದ ಚಿಪ್ಪುಮೀನು, ಹೆಕ್ಕಿ ತಂದು, ಮೆಟ್ಟುಗತ್ತಿಯಲ್ಲಿ ಒಂದೊಂದೇ ಬಿಡಿಸುತ್ತಿದ್ದಳು. ಮಾಂಸ ಪಾತ್ರೆಗೆ, ಚಿಪ್ಪು ಹಿತ್ತಿಲಿಗೆ. ತೆಂಗಿನ ಬುಡದಲ್ಲಿ ಆ ಬಿಳಿ ರಾಶಿ ವರ್ಷ ವರ್ಷ ಬೆಳೆಯುತ್ತಿತ್ತು. ಅದರೊಳಗೆ ಮೀನಿನ ಮುಳ್ಳು, ಒಲೆಯ ಬೂದಿ, ಮಡಿಕೆ ಚೂರು, ನನ್ನ ಒಡೆದ ಗಾಜಿನ ಬಳೆ ಎಲ್ಲಾ ಇದ್ದವು. ಮುಂದೆ ನಾನು ಪ್ರಾಣಿಶಾಸ್ತ್ರ ಓದಿದೆ. ಉತ್ಖನನದಲ್ಲಿ ಸಿಕ್ಕ ಚಿಪ್ಪುಗಳನ್ನು ವಿಂಗಡಿಸುವ ಕೆಲಸಕ್ಕೆ ಸೇರಿದೆ. ಮೊದಲ ದಿನ ಮೇಜಿನ ಮೇಲೆ ಒಂದು ಚೀಲ ಸುರಿದರು. ಚಿಪ್ಪು, ಮುಳ್ಳು, ಬೂದಿ, ಮಡಿಕೆ ಚೂರು. ಆಯಿಯ ರಾಶಿಯೇ ಅದು, ವಯಸ್ಸು ಮಾತ್ರ ಜಾಸ್ತಿ.

ಇಂಥ ರಾಶಿಯನ್ನು ನೋಡಲು ಕಲಿಯಬೇಕೆಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಹೇಳಿಕೊಡುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ದುಬಾರಿ ಯಂತ್ರ ಬೇಕಾಗುವುದು ಕೊನೆಯ ಹಂತಕ್ಕೆ ಮಾತ್ರ. ಅಲ್ಲಿಯವರೆಗೆ ಜರಡಿ, ತಕ್ಕಡಿ, ವರ್ನಿಯರ್ ಕ್ಯಾಲಿಪರ್, ಭೂತಗನ್ನಡಿ, ಹಳೆಯ ಹಲ್ಲುಜ್ಜುವ ಬ್ರಷ್, ಪೆನ್ಸಿಲ್ ಸಾಕು. ತಾಳ್ಮೆ ಮಾತ್ರ ಬೇಕೇ ಬೇಕು.

ಮೊದಲು ಮಾದರಿ ಪೆಟ್ಟಿಗೆ

ಇವತ್ತಿನ ಚಿಪ್ಪು ಗೊತ್ತಿಲ್ಲದವರು ಹಳೆಯ ಚಿಪ್ಪು ಗುರುತಿಸಲಾರರು. ಆದ್ದರಿಂದ ಮೊದಲ ಎರಡು ತಿಂಗಳು ಯಾವ ಪುರಾತನ ವಸ್ತುವನ್ನೂ ಮುಟ್ಟಬೇಡಿ. ಮೀನು ಮಾರುಕಟ್ಟೆಗೆ ಹೋಗಿ. ಬಳಚು ಮಾರುವ ಹೆಂಗಸರ ಹತ್ತಿರ ಕುಳಿತು ಮಾತಾಡಿ. ಯಾವುದು ಮರಳಲ್ಲಿ ಸಿಗುತ್ತದೆ, ಯಾವುದು ಕೆಸರಲ್ಲಿ, ಯಾವುದು ಬಂಡೆಗೆ ಅಂಟಿಕೊಂಡಿರುತ್ತದೆ, ಯಾವ ತಿಂಗಳು ಮಾಂಸ ತುಂಬಿರುತ್ತದೆ ಎಂದು ಅವರಿಗೆ ಗೊತ್ತಿರುವಷ್ಟು ಪುಸ್ತಕಗಳಿಗೆ ಗೊತ್ತಿಲ್ಲ. ಅವರು ಹೇಳಿದ ಹೆಸರನ್ನು ಹಾಗೆಯೇ ಬರೆದುಕೊಳ್ಳಿ. ನಾವು ಬಳಚು ಎನ್ನುವುದನ್ನು ತುಳುವಿನಲ್ಲಿ ಮರುವಾಯಿ ಎನ್ನುತ್ತಾರೆ, ಕೊಂಕಣಿಯಲ್ಲಿ ಬೇರೆ ಹೆಸರು. ಒಂದೇ ಹೆಸರಿನ ಅಡಿಯಲ್ಲಿ ಎರಡು ಮೂರು ಜಾತಿ ಇರುವುದೂ ಉಂಟು. ಆದ್ದರಿಂದ ಪಕ್ಕದಲ್ಲಿ ವೈಜ್ಞಾನಿಕ ಹೆಸರು ಬೇಕು.

ನನ್ನ ಪೆಟ್ಟಿಗೆಯಲ್ಲಿ ಮೊದಲು ಸೇರಿದ್ದು ಆರು. ದುಂಡಗೆ, ನುಣ್ಣಗೆ, ದಪ್ಪಗಿರುವ ಮೆರೆಟ್ರಿಕ್ಸ್. ಮೈಮೇಲೆ ಸಾಲು ಸಾಲು ಗೆರೆ ಇರುವ ಪಾಫಿಯಾ ಮಲಬಾರಿಕಾ, ಅಳಿವೆಯ ಬಾಯಿಯ ಕಡೆ, ಉಪ್ಪು ಜಾಸ್ತಿ ಇರುವಲ್ಲಿ ಇರುವಂಥದ್ದು. ಕಪ್ಪು ಮೈಯ ವಿಲ್ಲೊರಿಟಾ, ಇದು ಸಿಹಿನೀರು ಬೆರೆಯುವ ಒಳಭಾಗದ್ದು. ಕೆಸರಲ್ಲಿ ಬದುಕುವ, ದಪ್ಪ ಏಣುಗಳ ಟೆಗಿಲ್ಲಾರ್ಕಾ. ಬಂಡೆ ಹಿಡಿಯುವ ಹಸಿರು ಅಂಚಿನ ಪರ್ನಾ ವಿರಿಡಿಸ್. ಮತ್ತೆ ಸಿಂಪಿ, ಅಂದರೆ ಕ್ರಾಸೊಸ್ಟ್ರಿಯಾ. ಈ ಆರನ್ನು ಕಣ್ಣು ಮುಚ್ಚಿ ಬೆರಳಲ್ಲಿ ಗುರುತಿಸುವಷ್ಟು ಅಭ್ಯಾಸವಾದರೆ ನಮ್ಮ ಕರಾವಳಿಯ ಮಟ್ಟಿಗೆ ಅರ್ಧ ಕೆಲಸ ಮುಗಿದ ಹಾಗೆ.

ಪ್ರತಿ ಜಾತಿಯಲ್ಲೂ ಮರಿಯಿಂದ ದೊಡ್ಡದರವರೆಗೆ ಬೇರೆ ಬೇರೆ ಗಾತ್ರದವು ಇರಲಿ. ಕೆಲವನ್ನು ಬೇಯಿಸಿ, ಕೆಲವನ್ನು ಕೆಂಡದಲ್ಲಿ ಸುಟ್ಟು, ಕೆಲವನ್ನು ಕಲ್ಲಲ್ಲಿ ಕುಟ್ಟಿ ಒಡೆದು ಇಡಿ. ಸುಟ್ಟ ಚಿಪ್ಪು ಬೂದು ಬಣ್ಣಕ್ಕೆ ತಿರುಗುತ್ತದೆ, ಉಗುರಲ್ಲಿ ಗೀರಿದರೆ ಪುಡಿಯಾಗುತ್ತದೆ. ಬೇಯಿಸಿದ್ದರಲ್ಲಿ ಹೆಚ್ಚು ಕಡಿಮೆ ಗುರುತೇ ಉಳಿಯುವುದಿಲ್ಲ. ಇದನ್ನು ಸ್ವತಃ ಮಾಡಿ ನೋಡಿದವರು, 'ಸುಟ್ಟ ಗುರುತಿಲ್ಲ, ಹಾಗಾಗಿ ಹಸಿಯಾಗಿ ತಿಂದರು' ಎಂಬ ತಪ್ಪು ಮಾತನ್ನು ವರದಿಯಲ್ಲಿ ಬರೆಯುವುದಿಲ್ಲ.

ಒಂದು ಎಚ್ಚರಿಕೆ. ಸಿಕ್ಕ ಸಿಕ್ಕ ಚಿಪ್ಪನ್ನೆಲ್ಲ ಬಾಚಿಕೊಳ್ಳಬೇಡಿ. ದೈತ್ಯ ಕಪ್ಪೆಚಿಪ್ಪಿನಂಥ ಕೆಲವು ಜಾತಿಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ಅಡುಗೆಮನೆಯಿಂದ ಬಂದ ಚಿಪ್ಪೇ ಕಲಿಕೆಗೆ ಧಾರಾಳ ಸಾಕು.

ಮನುಷ್ಯರು ಹಾಕಿದ್ದೋ, ಹೊಳೆ ಹಾಕಿದ್ದೋ?

ಇಡೀ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ನಾನು ಇದನ್ನು ಕಷ್ಟಪಟ್ಟೇ ಕಲಿತೆ.

ಎಂ.ಎಸ್ಸಿ. ಓದುವಾಗ ಊರಿನ ಹತ್ತಿರ ಒಂದು ತೋಟದಲ್ಲಿ ಬಾವಿ ತೋಡುತ್ತಿದ್ದರು. ಆಳು ಎತ್ತರದ ಕೆಳಗೆ ಬೆಳ್ಳಗೆ ಒಂದು ಪದರ. ಬರೀ ಚಿಪ್ಪು. ನನಗೆ ಕೈಕಾಲು ನಡುಗಿತು. ಸಾವಿರಾರು ವರ್ಷ ಹಿಂದಿನವರ ಊಟ ಸಿಕ್ಕಿತು ಎಂದು ಮೂರು ಚೀಲ ತುಂಬಿ ನನ್ನ ಮೇಡಂ ಹತ್ತಿರ ಓಡಿದೆ. ಅವರು ಚೀಲದಿಂದ ಒಂದು ಹಿಡಿ ತೆಗೆದು ಮೇಜಿನ ಮೇಲೆ ಹರಡಿ ಕೇಳಿದರು: "ಇದರಲ್ಲಿ ಇದ್ದಿಲು ಎಲ್ಲಿದೆ? ಈ ಉಗುರಿನಷ್ಟು ಮರಿಗಳನ್ನು ಯಾರು ತಿಂತಾರೆ? ಎರಡೂ ದಳ ಮುಚ್ಚಿಕೊಂಡೇ ಇದ್ಯಲ್ಲ, ಬಿಡಿಸದೆ ಹೇಗೆ ತಿಂದರು?" ಮೂರಕ್ಕೂ ನನ್ನಲ್ಲಿ ಉತ್ತರ ಇರಲಿಲ್ಲ. ಅದು ಹೊಳೆಯೇ ಹಾಸಿದ ಪದರ. ಬಳಚು ಬದುಕಿದ್ದ ಜಾಗದಲ್ಲೇ ಸತ್ತು, ಕೆಸರು ಮುಚ್ಚಿತ್ತು. ನಮ್ಮ ಅಳಿವೆಯ ತಳದಲ್ಲಿ ಹೀಗೆ ಹೂತುಹೋದ ಚಿಪ್ಪಿನ ಹಾಸುಗಳಿವೆ. ಸುಣ್ಣಕ್ಕೆಂದು ಅವನ್ನು ತೆಗೆದದ್ದೂ ಇದೆ.

ಅವತ್ತಿನಿಂದ ಯಾವ ರಾಶಿ ಕಂಡರೂ ಮೊದಲು ಆ ಮೂರು ಪ್ರಶ್ನೆ ಕೇಳುತ್ತೇನೆ, ಆಮೇಲೆ ಇನ್ನೂ ಕೆಲವು. ಹೊಳೆ ಹಾಕಿದ್ದರಲ್ಲಿ ಎಲ್ಲ ಗಾತ್ರದವೂ ಇರುತ್ತವೆ, ತಿನ್ನಲಾಗದ ಪುಟ್ಟ ಬಸವನಹುಳುಗಳೂ ಇರುತ್ತವೆ, ಅಂಚು ಸವೆದಿರುತ್ತದೆ ಇಲ್ಲವೇ ದಳಗಳು ಜೋಡಿಯಾಗಿಯೇ ಉಳಿದಿರುತ್ತವೆ. ಮನುಷ್ಯರು ಹಾಕಿದ್ದರಲ್ಲಿ ಆಯ್ಕೆ ಕಾಣುತ್ತದೆ: ದೊಡ್ಡವು, ತಿನ್ನುವಂಥವು, ಒಟ್ಟಿಗೆ ಬದುಕದ ಜಾತಿಗಳು ಒಂದೇ ಕಡೆ. ಜೊತೆಗೆ ಇದ್ದಿಲು, ಬೂದಿ, ಮುಳ್ಳು, ಬೆಂಕಿಗೆ ಸಿಡಿದ ಕಲ್ಲು. ಚಿಪ್ಪಿನ ಒಳಮೈಯನ್ನೂ ನೋಡಿ. ಒಳಗಡೆ ಬಾರ್ನಕಲ್ (ಬಂಡೆಗೆ, ಚಿಪ್ಪಿಗೆ ಅಂಟಿಕೊಂಡು ಬದುಕುವ ಪುಟ್ಟ ಕಡಲ ಜೀವಿ) ಅಂಟಿ ಬೆಳೆದಿದ್ದರೆ ಆ ಪ್ರಾಣಿ ಮೊದಲೇ ಸತ್ತು, ಖಾಲಿ ಚಿಪ್ಪು ನೀರಲ್ಲಿ ಬಿದ್ದಿತ್ತು ಎಂದು ಅರ್ಥ. ಯಾರೂ ಅದನ್ನು ಊಟಕ್ಕೆ ತಂದಿರಲಾರರು.

ನನ್ನ ಮೇಡಂ ಕೇಳಿದ ಪ್ರಶ್ನೆಗಳಿಗೆ ಒಳ್ಳೆಯ ಇತಿಹಾಸವಿದೆ. ಡೆನ್ಮಾರ್ಕಿನ ಕಡಲ ದಂಡೆಯಲ್ಲಿ ದೊಡ್ಡ ದೊಡ್ಡ ಸಿಂಪಿ ಚಿಪ್ಪಿನ ದಿಬ್ಬಗಳಿವೆ. ಕಡಲು ಹಿಂದೆ ಸರಿದಾಗ ಉಳಿದವು ಎಂದೇ ಜನ ತಿಳಿದಿದ್ದರು. 1848ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿ ಮೂವರನ್ನು ನೇಮಿಸಿತು: ಭೂವಿಜ್ಞಾನಿ ಫೋರ್ಕ್‌ಹಾಮರ್, ಪ್ರಾಣಿಶಾಸ್ತ್ರಜ್ಞ ಸ್ಟೀನ್‌ಸ್ಟ್ರುಪ್, ಪುರಾತತ್ವದ ವೊರ್ಸೊ. ಚಿಪ್ಪುಗಳೆಲ್ಲ ಬಲಿತವು, ಮರಿಗಳಿಲ್ಲ, ಬೇರೆ ಬೇರೆ ಕಡೆ ಬದುಕುವ ಜಾತಿಗಳು ಬೆರೆತಿವೆ, ನಡುವೆ ಒಲೆ, ಕಲ್ಲಿನ ಆಯುಧ, ಕಡಿದ ಮೂಳೆ ಇವೆ. ಇವು ಊಟದ ಕಸ ಎಂದು ತೀರ್ಮಾನವಾಯಿತು. ಡೇನಿಷ್‌ನಲ್ಲಿ ಅದಕ್ಕೆ ಕೊಟ್ಟ ಹೆಸರಿನ ಅರ್ಥ ಅಡುಗೆಮನೆ ತಿಪ್ಪೆ ಎಂದೇ. ರಾಶಿಯಲ್ಲಿ ಹಕ್ಕಿಗಳ ಕೆಲವು ಮೂಳೆಗಳು ಮಾತ್ರ ಏಕೆ ಉಳಿದಿವೆ ಎಂದು ತಿಳಿಯಲು ಸ್ಟೀನ್‌ಸ್ಟ್ರುಪ್ ನಾಯಿಗಳಿಗೆ ಮೂಳೆ ಹಾಕಿ, ಅವು ಏನು ತಿಂದು ಏನು ಬಿಡುತ್ತವೆ ಎಂದು ನೋಡಿದರು. ನನಗೆ ಈ ಮನುಷ್ಯನ ಮೇಲೆ ಬಹಳ ಗೌರವ. ಹಿತ್ತಿಲಲ್ಲಿ ಮಾಡಬಹುದಾದ ಪ್ರಯೋಗದಿಂದ ಸಾವಿರಾರು ವರ್ಷ ಹಳೆಯ ಪ್ರಶ್ನೆಗೆ ಉತ್ತರ ಹುಡುಕಿದವರು ಅವರು.

ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಡಕಿದೆ. ಚಿಪ್ಪು ಸುಟ್ಟು ಸುಣ್ಣ ಮಾಡುವುದು ಇಲ್ಲಿ ಹಳೆಯ ಕಸುಬು. ಸುಣ್ಣದ ಗೂಡಿನ ಪಕ್ಕ ಸುಟ್ಟ ಚಿಪ್ಪು, ಇದ್ದಿಲು, ಬೂದಿ ಎಲ್ಲಾ ಒಟ್ಟಿಗೆ ಸಿಗುತ್ತವೆ. ನೋಡಲು ಥೇಟ್ ಹಳೆಯ ಅಡುಗೆ ತಿಪ್ಪೆ. ಚಿಪ್ಪನ್ನು ತೋಟಕ್ಕೆ, ಅಂಗಳಕ್ಕೆ, ಮನೆಯ ಪಾಯಕ್ಕೆ ಹಾಕುವುದೂ ಇದೆ. ಹಾಗಾಗಿ ಊರಿನ ಹಿರಿಯರನ್ನು ಕೇಳದೆ ಯಾವ ರಾಶಿಗೂ ವಯಸ್ಸು ಕಟ್ಟಬೇಡಿ. "ಇಲ್ಲಿ ಗೂಡು ಇತ್ತಾ ಅಜ್ಜ?" ಎಂಬ ಒಂದು ಪ್ರಶ್ನೆ ಎಷ್ಟೋ ತಿಂಗಳ ಕೆಲಸ ಉಳಿಸುತ್ತದೆ.

ಎಲ್ಲ ರಾಶಿಯೂ ಅಡುಗೆಯದ್ದೇ ಆಗಿರಬೇಕಿಲ್ಲ. ಗುಜರಾತಿನ ದ್ವಾರಕೆಯ ಹತ್ತಿರದ ನಾಗೇಶ್ವರದಲ್ಲಿ ಸಿಕ್ಕದ್ದು ಹರಪ್ಪ ಕಾಲದ ಶಂಖದ ಕಾರ್ಖಾನೆ. ಅಲ್ಲಿ ಬಳೆಗಾಗಿ ಕೊಯ್ದ ಶಂಖದ ತುಂಡುಗಳು, ಕೊಯ್ದ ಮೇಲೆ ಉಳಿದ ನಡುಗಂಬಗಳು ಇದ್ದವು. ಕೊಯ್ದ ಗುರುತು ನೇರ, ನುಣುಪು. ಹಲ್ಲಿನಿಂದಲೋ ಕಲ್ಲಿನಿಂದಲೋ ಒಡೆದಿದ್ದರೆ ಹಾಗಿರುವುದಿಲ್ಲ.

ತೂತು ಕಂಡ ಕೂಡಲೇ ಮಣಿ ಎನ್ನಬೇಡಿ

ತೂತಿರುವ ಚಿಪ್ಪು ಸಿಕ್ಕರೆ ಎಲ್ಲರೂ ಸರ, ಆಭರಣ ಎಂದು ಖುಷಿ ಪಡುತ್ತಾರೆ. ಕಡಲಲ್ಲಿ ಬೇಟೆಗಾರ ಬಸವನಹುಳುಗಳಿವೆ, ಬಳಚಿನ ಮೈಗೆ ತೂತು ಕೊರೆದು ಒಳಗಿನದನ್ನು ತಿನ್ನುತ್ತವೆ. ನ್ಯಾಟಿಸಿಡ್ ಕುಟುಂಬದ ಹುಳು ಕೊರೆದ ತೂತು ಹೊರಗಡೆ ಅಗಲ, ಒಳಗಡೆ ಕಿರಿದು, ಯಂತ್ರದಲ್ಲಿ ಮಾಡಿದಷ್ಟು ದುಂಡಗೆ ಇರುತ್ತದೆ. ಸಣ್ಣ ಸಣ್ಣ ತೂತುಗಳು ಜೇನುಗೂಡಿನ ಹಾಗೆ ತುಂಬಿದ್ದರೆ ಅದು ಕೊರೆಯುವ ಸ್ಪಂಜಿನ ಕೆಲಸ. ಅಲೆಗೆ ಉಜ್ಜಿ ನೆತ್ತಿ, ಅಂದರೆ ಕೀಲಿನ ಬಳಿಯ ಉಬ್ಬು, ಸವೆದೂ ತೂತಾಗುತ್ತದೆ. ದಾರ ಪೋಣಿಸಿದ್ದರೆ ತೂತಿನ ಒಂದು ಬದಿ ಸವೆದು ಹೊಳಪು ಬಂದಿರುತ್ತದೆ. ಭೂತಗನ್ನಡಿ ಹಿಡಿದು ಆ ಹೊಳಪು ಹುಡುಕಿ.

ತೆಗೆಯುವುದು, ಜಾಲಿಸುವುದು

ಪುರಾತತ್ವ ನೆಲೆಯನ್ನು ಸುಮ್ನೆ ಅಗೆಯುವಂತಿಲ್ಲ. ಪರವಾನಗಿ ಇರುವ ತಂಡದ ಜೊತೆ ಮಾತ್ರ ಕೆಲಸ ಮಾಡಿ. ನಿಮಗೇ ಹೊಸ ರಾಶಿ ಕಂಡರೆ ಫೋಟೊ ತೆಗೆದು, ಜಾಗ ಗುರುತು ಹಾಕಿಕೊಂಡು ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ. ಆಮೇಲೆ ಅಲ್ಲಿಂದ ಒಂದು ಚಿಪ್ಪೂ ಎತ್ತಬೇಡಿ. ಅಭ್ಯಾಸಕ್ಕೆ ನಿಮ್ಮ ಮನೆಯ ತಿಪ್ಪೆ ಇದೆ. ನಾನು ಆಯಿಯ ರಾಶಿಯಲ್ಲೇ ಮೊದಲ ಕಂಬ ಕೊರೆದದ್ದು.

ಕಂಬ ಎಂದರೆ 25 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲದ ಚೌಕ. ಅದನ್ನು ಮೇಲಿಂದ ಕೆಳಗೆ 10 ಸೆಂ.ಮೀ.ಗೆ ಒಂದು ಹಂತದಂತೆ ತೆಗೆಯಬೇಕು. ನಡುವೆ ಬೂದಿಯ ಪದರ ಬಂದರೆ ಅಳತೆ ಬಿಟ್ಟು ಆ ಪದರವನ್ನೇ ಬೇರೆ ಮಾಡಿ. ಪ್ರತಿ ಹಂತದ್ದೂ ಸುಮಾರು ಆರು ಲೀಟರ್ ಮಣ್ಣು. ಒಂದು ಚೂರನ್ನೂ ಬಿಡದೆ ಎಲ್ಲವನ್ನೂ ಚೀಲಕ್ಕೆ ಹಾಕಿ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಒಳಗೊಂದು, ಹೊರಗೊಂದು ಇಡಿ. ಪೆನ್ನಿನ ಶಾಯಿ ನಮ್ಮ ಮಳೆಗಾಲದ ತೇವಕ್ಕೆ ಕರಗಿ ಹೋಗುತ್ತದೆ.

ಜರಡಿ ಎರಡು ಇರಲಿ: ಮೇಲೆ 4 ಮಿ.ಮೀ., ಕೆಳಗೆ 2 ಮಿ.ಮೀ. ಬರೀ ದೊಡ್ಡ ಕಣ್ಣಿನ ಜರಡಿ ಬಳಸಿದರೆ ಬಳಚು ಸಿಗುತ್ತದೆ, ಮೀನು ತಪ್ಪಿಸಿಕೊಳ್ಳುತ್ತದೆ. ತಾರಲೆಯಂಥ ಸಣ್ಣ ಮೀನಿನ ಬೆನ್ನುಮೂಳೆ, ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲು, ಏಡಿಯ ಕೊಂಡಿಯ ಕಪ್ಪು ತುದಿ ಇವೆಲ್ಲ ಸಣ್ಣ ಜರಡಿಯಲ್ಲೇ ಉಳಿಯುವುದು. ಆಮೇಲೆ ಸಿಹಿನೀರಲ್ಲಿ ಮೃದುವಾಗಿ ತೊಳೆದು ನೆರಳಲ್ಲಿ ಒಣಗಿಸಿ. ಬೆಳ್ಳಗೆ ಮಾಡಲು ಹುಣಸೆಹುಳಿ, ವಿನೆಗರ್, ಬ್ಲೀಚಿಂಗ್ ಪುಡಿ ಏನನ್ನೂ ಹಾಕಬೇಡಿ. ಹುಳಿ ತಾಗಿದರೆ ಚಿಪ್ಪು ಕರಗುತ್ತದೆ.

ಎಣಿಸುವುದು

ಚೂರುಗಳನ್ನೆಲ್ಲ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಒಂದು ಚಿಪ್ಪು ಹತ್ತು ಚೂರಾಗಿರಬಹುದು. ಆದ್ದರಿಂದ ಎರಡು ದಳಗಳನ್ನು ಸೇರಿಸುವ ಕೀಲಿನ ಭಾಗ ಇರುವ ಚೂರನ್ನು ಮಾತ್ರ ಎಣಿಸುತ್ತೇವೆ. ಎಡ, ಬಲ ಬೇರೆ ಬೇರೆ. ಮೆರೆಟ್ರಿಕ್ಸ್, ಪಾಫಿಯಾದಂಥವುಗಳಲ್ಲಿ ಗುರುತಿಸುವುದು ಸುಲಭ: ಹೊರಮೈ ನಿಮ್ಮ ಕಡೆ, ಕೀಲು ಮೇಲೆ ಇರುವಂತೆ ಹಿಡಿಯಿರಿ. ನೆತ್ತಿಯ ಕೊಕ್ಕು ಎಡಕ್ಕೆ ಬಾಗಿದ್ದರೆ ಎಡ ದಳ, ಬಲಕ್ಕೆ ಬಾಗಿದ್ದರೆ ಬಲ ದಳ. ಉದಾಹರಣೆಗೆ ಎಡ 62, ಬಲ 54 ಬಂದರೆ ಕನಿಷ್ಠ 62 ಬಳಚು ಇದ್ದವು ಎನ್ನಬಹುದು. ಬಸವನಹುಳು, ಶಂಖಗಳಲ್ಲಿ ತುದಿಯನ್ನೋ ಬಾಯಿಯನ್ನೋ, ಯಾವುದಾದರೂ ಒಂದನ್ನೇ ಕೊನೆವರೆಗೂ ಎಣಿಸಿ.

ಎಣಿಕೆಯ ಜೊತೆ ತೂಕವೂ ಇರಲಿ, ಆದರೆ ತೂಕವನ್ನೇ ನಂಬಬೇಡಿ. ಸಿಂಪಿಯ ಚಿಪ್ಪು ದಪ್ಪ, ಪರ್ನಾದ್ದು ತೆಳು. ತಕ್ಕಡಿಯಲ್ಲಿ ಸಿಂಪಿ ಗೆದ್ದರೂ ತಟ್ಟೆಯಲ್ಲಿ ಪರ್ನಾ ಜಾಸ್ತಿ ಇದ್ದಿರಬಹುದು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ದೊಡ್ಡ ರಾಶಿ ಕಂಡರೆ ಆ ಜನ ಚಿಪ್ಪಿನ ಮಾಂಸವನ್ನೇ ತಿಂದು ಬದುಕಿದರು ಅನಿಸುತ್ತದೆ. ಇಂಗ್ಲೆಂಡಿನ ಪುರಾತತ್ವಜ್ಞ ಜೆಫ್ ಬೈಲಿ 1978ರಲ್ಲಿ ಲೆಕ್ಕ ಹಾಕಿ ತೋರಿಸಿದರು: ಒಂದು ಕೆಂಪು ಜಿಂಕೆಯ ಮಾಂಸದಿಂದ ಸಿಗುವಷ್ಟು ಶಕ್ತಿ ಬೇಕಾದರೆ ಸುಮಾರು 52,000 ಸಿಂಪಿ ತಿನ್ನಬೇಕು. ಜಿಂಕೆಯಿಂದ ಉಳಿಯುವುದು ಒಂದು ಬುಟ್ಟಿ ಮೂಳೆ, ಸಿಂಪಿಯಿಂದ ಉಳಿಯುವುದು ಒಂದು ದಿಬ್ಬ. ನಮ್ಮ ಮನೆಯಲ್ಲೂ ಹಾಗೇ ಅಲ್ವಾ? ನಾವು ದಿನಾ ತಿಂದದ್ದು ಅನ್ನ. ಗಜನಿಯ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯ, ಕಗ್ಗ ಎಂಬ ಭತ್ತದ ಅಕ್ಕಿಯದ್ದು. ಹಿತ್ತಿಲಲ್ಲಿ ಉಳಿದದ್ದು ಬಳಚಿನ ಚಿಪ್ಪು. ಹಾಗೆಂದು ಬಳಚನ್ನು ಹಗುರ ಮಾಡಲೂ ನನಗೆ ಮನಸ್ಸಿಲ್ಲ. ಅಪ್ಪನ ಬಲೆಗೆ ಏನೂ ಬೀಳದ ದಿನ ಸಂಜೆ ಗಸಿ ಆಗುತ್ತಿದ್ದದ್ದು ಆಯಿ ಹೆಕ್ಕಿದ ಬಳಚಿನಿಂದಲೇ. ಹೆಂಗಸರು, ಮಕ್ಕಳು, ಮುದುಕರು ದೋಣಿ ಇಲ್ಲದೆ ತರಬಹುದಾದ ಊಟ ಅದು.

ಅಳೆಯುವುದು

ಪೂರ್ತಿ ಉಳಿದ ದಳಗಳ ಉದ್ದ, ಎತ್ತರವನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. ಹಂತಕ್ಕೆ ನೂರಾದರೂ ಇದ್ದರೆ ಒಳ್ಳೆಯದು. ಕೆಳಗಿನ ಪದರದಿಂದ ಮೇಲಕ್ಕೆ ಬರುತ್ತಾ ಗಾತ್ರ ಸಣ್ಣದಾಗುತ್ತಿದ್ದರೆ, ಜನ ಹೆಚ್ಚು ಹೆಕ್ಕಿ ಬಳಚು ಬೆಳೆಯಲು ಬಿಡಲಿಲ್ಲ ಎಂದಾಗಬಹುದು. ನೀರಿನ ಉಪ್ಪು ಬದಲಾಗಿ ಬೆಳವಣಿಗೆ ನಿಧಾನವಾದರೂ ಹಾಗೇ ಕಾಣುತ್ತದೆ. ಇವೆರಡನ್ನು ಬೇರೆ ಮಾಡಲು ಚಿಪ್ಪಿನ ವಯಸ್ಸು ಹೇಳುವ ಬೆಳವಣಿಗೆಯ ಗೆರೆ ನೋಡಿ. ಸಣ್ಣದಾಗಿಯೂ ಎಳೆಯದಾಗಿಯೂ ಇದ್ದರೆ ಹೆಚ್ಚು ಹೆಕ್ಕಿದ್ದು. ಸಣ್ಣದಾಗಿದ್ದರೂ ವಯಸ್ಸಾಗಿದ್ದರೆ ನೀರಿನಲ್ಲಿ ಏನೋ ಬದಲಾಗಿದೆ.

ಅಳತೆಯ ಈ ದಾರಿ ತುಂಬ ಹಳೆಯದು. 1877ರಲ್ಲಿ ಅಮೆರಿಕದ ಎಡ್ವರ್ಡ್ ಮೋರ್ಸ್ ಯೊಕೊಹಾಮಾದಿಂದ ಟೋಕಿಯೊಗೆ ರೈಲಿನಲ್ಲಿ ಹೋಗುವಾಗ, ಒಮೊರಿ ಹತ್ತಿರ ಹಳಿಗಾಗಿ ಕಡಿದ ದಿಬ್ಬದಲ್ಲಿ ಚಿಪ್ಪಿನ ಪದರ ಕಂಡರು. ಅವರು ಕಡಲ ಜೀವಿಗಳನ್ನು ಓದಿದ್ದವರು, ಹಾಗಾಗಿ ಕಣ್ಣು ತಪ್ಪಲಿಲ್ಲ. ಅದೇ ವರ್ಷ ಅಗೆದರು. ಅಲ್ಲಿ ಸಿಕ್ಕ ಚಿಪ್ಪನ್ನು ಅದೇ ಕೊಲ್ಲಿಯ ಜೀವಂತ ಚಿಪ್ಪಿನ ಅಳತೆಯ ಜೊತೆ ಇಟ್ಟು ಹೋಲಿಸಿದರು. ಜಪಾನಿನ ಜೋಮೊನ್ (ಹಗ್ಗದ ಗುರುತು ಎಂದು ಅರ್ಥ) ಎಂಬ ಪ್ರಾಚೀನ ಕಾಲಕ್ಕೆ ಆ ಹೆಸರು ಬಂದದ್ದೂ ಅಲ್ಲಿನ ಮಡಿಕೆಗಳ ಮೇಲಿನ ಹಗ್ಗದ ಗುರುತನ್ನು ಅವರು ವಿವರಿಸಿದ್ದರಿಂದ.

ಜಾತಿಗಳ ಪಟ್ಟಿಯಿಂದ ನೀರಿನ ಕಥೆಯೂ ಸಿಗುತ್ತದೆ. ಕೆಳಗೆ ವಿಲ್ಲೊರಿಟಾ, ಮೇಲೆ ಪಾಫಿಯಾ ಜಾಸ್ತಿ ಎಂದಿಟ್ಟುಕೊಳ್ಳಿ. ಹೊಳೆಯೊಳಗೆ ಉಪ್ಪು ಏರಿರಬಹುದು, ಇಲ್ಲವೇ ಜನ ಅಳಿವೆಯ ಬಾಯಿಯ ಕಡೆ ಹೋಗಿ ಹೆಕ್ಕಲು ಶುರು ಮಾಡಿರಬಹುದು. ಡೆನ್ಮಾರ್ಕಿನ ದಿಬ್ಬಗಳಲ್ಲಿ ಸಿಂಪಿ ಅಷ್ಟೊಂದು ಇರುವುದೂ ಅಲ್ಲಿನ ಕಡಲು ಆಗ ಈಗಿಗಿಂತ ಹೆಚ್ಚು ಉಪ್ಪಾಗಿದ್ದರಿಂದ.

ಎಷ್ಟು ಹಳೆಯದು, ಯಾವ ಕಾಲದಲ್ಲಿ ಹೆಕ್ಕಿದ್ದು

ಇದು ಪ್ರಯೋಗಾಲಯದ ಕೆಲಸ. ಆದರೆ ಏನು ಕಳಿಸಬೇಕು ಎಂದು ತೀರ್ಮಾನಿಸುವುದು ನೀವು. ಚಿಪ್ಪನ್ನೂ ಕಾರ್ಬನ್-14 ವಿಧಾನದಲ್ಲಿ ಅಳೆಯಬಹುದು. ಕಡಲ ನೀರಿನಲ್ಲಿ ಹಳೆಯ ಕಾರ್ಬನ್ ಬೆರೆತಿರುವುದರಿಂದ ಚಿಪ್ಪು ತನ್ನ ನಿಜವಾದ ವಯಸ್ಸಿಗಿಂತ ಸರಾಸರಿ 400 ವರ್ಷ ಹಳೆಯದಾಗಿ ಕಾಣುತ್ತದೆ. ಜಾಗದಿಂದ ಜಾಗಕ್ಕೆ ಇದು ಬದಲಾಗುತ್ತದೆ, ಅಳಿವೆಯಲ್ಲಂತೂ ಇನ್ನೂ ಗೋಜಲು. ಆದ್ದರಿಂದ ಅದೇ ಪದರದ ಇದ್ದಿಲನ್ನೋ ಸುಟ್ಟ ಕಾಳನ್ನೋ ಜೊತೆಗೆ ಕಳಿಸಿ. ಎರಡೂ ಒಂದಕ್ಕೊಂದು ಸಾಕ್ಷಿ.

ಋತು ತಿಳಿಯುವ ವಿಧಾನ ನನಗೆ ಅತಿ ಇಷ್ಟ. ಚಿಪ್ಪು ಬೆಳೆಯುತ್ತಾ ಹೋದಂತೆ ಆಯಾ ಹೊತ್ತಿನ ನೀರಿನ ಗುಣ ಅದರ ಪದರದಲ್ಲಿ ಸೇರುತ್ತದೆ. ತೆಳು ಡ್ರಿಲ್ಲಿನಲ್ಲಿ ನೆತ್ತಿಯಿಂದ ಅಂಚಿನವರೆಗೆ ಪುಡಿ ತೆಗೆದು, ಆಕ್ಸಿಜನ್‌ನ ಎರಡು ಬಗೆಗಳಾದ ಭಾರದ ಆಕ್ಸಿಜನ್-18 ಮತ್ತು ಹಗುರದ ಆಕ್ಸಿಜನ್-16ರ ಪ್ರಮಾಣ ಅಳೆಯುತ್ತಾರೆ. ಕೊನೆಯ ಅಂಚಿನ ಪುಡಿಯೇ ಪ್ರಾಣಿ ಸತ್ತ, ಅಂದರೆ ಹೆಕ್ಕಿದ ಕಾಲವನ್ನು ಹೇಳುತ್ತದೆ. ಬ್ರಿಟಿಷ್ ವಿಜ್ಞಾನಿ ನಿಕೋಲಸ್ ಶ್ಯಾಕಲ್ಟನ್ 1973ರಲ್ಲಿ ಈ ದಾರಿ ತೋರಿಸಿದರು. ತಣ್ಣನೆ ದೇಶಗಳಲ್ಲಿ ಮುಖ್ಯವಾಗಿ ನೀರಿನ ಬಿಸಿಯನ್ನು ಓದುತ್ತಾರೆ. ನಮ್ಮ ಅಳಿವೆಗಳಲ್ಲಿ ಎದ್ದು ಕಾಣುವುದು ಮಳೆ. ಮಳೆನೀರಿನಲ್ಲಿ ಆಕ್ಸಿಜನ್-18 ಕಡಿಮೆ. ಜೂನ್‌ನಿಂದ ಹೊಳೆ ಸಿಹಿಯಾದಾಗ ಬೆಳೆದ ಭಾಗದಲ್ಲಿ ಅದು ಇಳಿದಿರುತ್ತದೆ. ಹೋಲಿಕೆಗೆ ಇವತ್ತಿನ ಚಿಪ್ಪು ಬೇಕು, ತಿಂಗಳಿಗೊಮ್ಮೆ ಹೆಕ್ಕಿ ತಾರೀಕು ಬರೆದಿಟ್ಟದ್ದು. ನಿಮ್ಮ ಮಾದರಿ ಪೆಟ್ಟಿಗೆ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ.

ಬಹಳ ಹಳೆಯ ರಾಶಿ ಎಲ್ಲೆಡೆ ಏಕೆ ಸಿಗುವುದಿಲ್ಲ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಸುಮಾರು 20,000 ವರ್ಷಗಳ ಹಿಂದೆ ಕಡಲಿನ ಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗಿನ ದಂಡೆ, ಆಗಿನ ತಿಪ್ಪೆ ಎಲ್ಲಾ ಈಗ ನೀರಿನಡಿ. ದಕ್ಷಿಣ ಆಫ್ರಿಕಾದ ಪಿನಾಕಲ್ ಪಾಯಿಂಟ್‌ನಂಥ ಎತ್ತರದ ಗುಹೆಗಳಲ್ಲಿ ಮಾತ್ರ ಸುಮಾರು 1,64,000 ವರ್ಷ ಹಿಂದಿನವರು ತಿಂದ ಚಿಪ್ಪು ಉಳಿದಿದೆ.

ಎತ್ತಿಡುವುದು

ಎಣಿಸಿ ಮುಗಿದ ಮೇಲೆ ಚಿಪ್ಪನ್ನು ಪ್ಲೈವುಡ್ ಪೆಟ್ಟಿಗೆಯಲ್ಲೋ ಸಾಮಾನ್ಯ ರಟ್ಟಿನ ಡಬ್ಬಿಯಲ್ಲೋ ಇಡಬೇಡಿ. ಅವುಗಳಿಂದ ಹೊರಡುವ ಹುಳಿ ಆವಿ, ನಮ್ಮ ಕರಾವಳಿಯ ತೇವ ಎರಡೂ ಸೇರಿದರೆ ಚಿಪ್ಪಿನ ಮೇಲೆ ಬಿಳಿ ಪುಡಿ ಏಳುತ್ತದೆ. ನನ್ನ ಮೊದಲ ಪೆಟ್ಟಿಗೆಯ ಪಾಫಿಯಾಗಳು ಎರಡೇ ಮಳೆಗಾಲದಲ್ಲಿ ಹಾಗೆ ಹಾಳಾದವು. ಗಟ್ಟಿ ಪಾಲಿಥಿನ್ ಚೀಲ ಅಥವಾ ಪಾಲಿಪ್ರೊಪಿಲೀನ್ ಡಬ್ಬಿ ಒಳ್ಳೆಯದು. ಪ್ರತಿ ಹಂತದ ಮಣ್ಣಿನಲ್ಲಿ ಕಾಲು ಭಾಗವನ್ನು ಜಾಲಿಸುವ ಮೊದಲೇ ಬೇರೆ ಮಾಡಿ, ಜರಡಿಗೆ ಹಾಕದೆ ಹಾಗೆಯೇ ಕಟ್ಟಿಡಿ. ಮುಂದೆ ಯಾರಾದರೂ ಇನ್ನೂ ಸಣ್ಣ ಜರಡಿ ತಂದು, ನಮಗೆ ಕಾಣದೆ ಹೋದದ್ದನ್ನು ಹುಡುಕುತ್ತಾರೆ. ಚೀಟಿಯಲ್ಲಿ ಊರು, ಕಂಬ, ಹಂತ, ತಾರೀಕು, ತೆಗೆದವರ ಹೆಸರು ಇರಲಿ. ಚಿಪ್ಪಿನ ಸ್ಥಳೀಯ ಹೆಸರು ಹೇಳಿಕೊಟ್ಟವರು ಒಪ್ಪಿದರೆ ಅವರ ಹೆಸರನ್ನೂ ಅದೇ ಚೀಟಿಯಲ್ಲಿ ಬರೆಯಿರಿ.